ಕೆಟ್ಟ ಡಿಸ್ಕಿನ ಲೆಕ್ಕ: ಬೃಹತ್ ಮಾಹಿತಿಸಂಗ್ರಹಗಳಲ್ಲಿ 'ವಿಫಲ ಸಾಮರ್ಥ್ಯ'ದ ಇತಿಹಾಸ

ಬ್ಯಾಂಕು, ರೈಲ್ವೆ, ವಿಮಾಸಂಸ್ಥೆ, ವಿಶ್ವವಿದ್ಯಾನಿಲಯ ಮೊದಲಾದ ದೊಡ್ಡ ಸಂಸ್ಥೆಗಳು ತಮ್ಮ ಗಣಕಯಂತ್ರಗಳ ಮಾಹಿತಿಯನ್ನು ಹತ್ತಾರು, ಕೆಲವೆಡೆ ನೂರಾರು, ಡಿಸ್ಕುಗಳನ್ನು ಒಂದುಗೂಡಿಸಿದ ಸಂಗ್ರಹಯಂತ್ರಗಳಲ್ಲಿ ಇಡುತ್ತವೆ. ಇಂತಹ ಯಂತ್ರವು ತನ್ನ ಸ್ಥಿತಿಯನ್ನು ಕುರಿತು ಒಪ್ಪಿಸುವ ಲೆಕ್ಕದಲ್ಲಿ ಹಲವೆಡೆ ನಾಲ್ಕು ಅಂಕಣಗಳನ್ನು ಕಾಣುತ್ತೇವೆ: ಒಟ್ಟು ಸಾಮರ್ಥ್ಯ, ಹಂಚಿಕೆಯಾದದ್ದು, ಖಾಲಿ ಇರುವುದು, ವಿಫಲವಾದದ್ದು. ಮೊದಲ ಮೂರರ ಅರ್ಥ ಯಾರಿಗಾದರೂ ಹೊಳೆಯುವಂಥದು, ತೊಡಕಿರುವುದು ನಾಲ್ಕನೆಯದರಲ್ಲಿ. ಅಲ್ಲಿ '೪ ಟೆರಾಬೈಟ್' ಎಂದು ಬರೆದಿದ್ದರೆ ಅಷ್ಟು ಮಾಹಿತಿ ನಾಶವಾಯಿತೆಂದು ಅರ್ಥವೆ? ಅಷ್ಟು ಸ್ಥಳ ಕಡಮೆಯಾಯಿತೆಂದೆ? ಅಥವಾ ಇವೆರಡೂ ಅಲ್ಲದ ಮತ್ತೇನಾದರೂ ಇದೆಯೆ? ಇದು ಇಂಜಿನಿಯರುಗಳ ಪ್ರಶ್ನೆಯೆಂದು ಇತಿಹಾಸದ ವಿದ್ಯಾರ್ಥಿಗಳು ತಳ್ಳಿಬಿಡುವಂತಿಲ್ಲ. ಶಾಸನಗಳ ಛಾಯಾಚಿತ್ರ, ಓಲೆಗರಿಗಳ ಪ್ರತಿ, ಹಳೆಯ ಕಡತಗಳ ನಕಲು, ಹೀಗೆ ನಮ್ಮ ಆಕರಗಳು ಒಂದೊಂದಾಗಿ ಇಂತಹ ಯಂತ್ರಗಳನ್ನು ಸೇರುತ್ತಿವೆ. ಅಲ್ಲದೆ ಈ ನಾಲ್ಕನೆಯ ಅಂಕಣಕ್ಕೆ ತನ್ನದೇ ಆದ ಒಂದು ಇತಿಹಾಸವಿದೆ; ಅದನ್ನು ಬಿಟ್ಟು ಅಂಕಿಯನ್ನು ಮಾತ್ರ ಓದಿದರೆ ತಪ್ಪು ತಪ್ಪದು. ಆ ಇತಿಹಾಸವನ್ನು ಪ್ರಕೃತ ಲೇಖನದಲ್ಲಿ ಸಂಗ್ರಹವಾಗಿ ನಿರೂಪಿಸಲು ಪ್ರಯತ್ನಿಸುತ್ತೇವೆ.

ಡಿಸ್ಕಿನ ಕಥೆ ಪ್ರಾರಂಭವಾಗುವುದು ೧೯೫೬ರ ಸೆಪ್ಟೆಂಬರಿನಲ್ಲಿ. ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆ ನಗರದಲ್ಲಿ ರೆನಾಲ್ಡ್ ಜಾನ್ಸನ್ ಅವರ ನೇತೃತ್ವದಲ್ಲಿದ್ದ ಐ.ಬಿ.ಎಂ. ಸಂಸ್ಥೆಯ ಪ್ರಯೋಗಾಲಯವು 'ರಾಮಾಕ್' ಎಂಬ ಗಣಕದ ಅಂಗವಾಗಿ ೩೫೦ ಎಂಬ ಸಂಖ್ಯೆಯ ಡಿಸ್ಕುಯಂತ್ರವನ್ನು ರಚಿಸಿತು. ೨೪ ಅಂಗುಲ ವ್ಯಾಸದ ೫೦ ತಟ್ಟೆಗಳು ಒಂದೇ ಅಚ್ಚಿಗೆ ಪೋಣಿಸಲ್ಪಟ್ಟು ನಿಮಿಷಕ್ಕೆ ೧೨೦೦ ಸುತ್ತು ತಿರುಗುತ್ತಿದ್ದುವು. ತಟ್ಟೆಗಳ ೧೦೦ ಮುಖಗಳಲ್ಲಿ ಒಂದೊಂದರಲ್ಲಿಯೂ ೧೦೦ ಪಥಗಳು, ಒಂದು ಪಥದಲ್ಲಿ ೫೦೦ ಅಕ್ಷರಗಳು. ಅಂತು ಇಡೀ ಯಂತ್ರದಲ್ಲಿ ಹಿಡಿಯುತ್ತಿದ್ದುದು ೫೦ ಲಕ್ಷ ಅಕ್ಷರ. ಓದುವ ಬರೆಯುವ ಕೈ ಒಂದೇ. ಅದು ಮೇಲಕ್ಕೂ ಕೆಳಕ್ಕೂ ಸರಿದು ಬೇಕಾದ ತಟ್ಟೆಯ ಸಂದಿಗೆ ತೂರಿಕೊಳ್ಳುತ್ತಿತ್ತು. ಇಂತಹ ಯಂತ್ರದಲ್ಲಿ 'ವಿಫಲ ಸಾಮರ್ಥ್ಯ' ಎಂಬ ಮಾತಿಗೆ ಅವಕಾಶವೇ ಇರಲಿಲ್ಲವೆಂಬುದನ್ನು ಗಮನಿಸಬೇಕು. ಕೈ ಕೆಟ್ಟರೆ ಯಂತ್ರವೆಲ್ಲ ಕೆಟ್ಟಂತೆ. ತಟ್ಟೆಯ ಲೇಪ ಕಿತ್ತುಬಂದರೆ ಅಲ್ಲಿ ಬರೆದಿದ್ದದ್ದು ಹೋದಂತೆ. ಮೂಲ ಕಾರ್ಡುಗಳನ್ನು ಯಾರಾದರೂ ಜೋಪಾನ ಮಾಡಿದ್ದರೆ ಅವುಗಳಿಂದ ಮತ್ತೆ ತುಂಬಬೇಕು. ಯಂತ್ರದ ಕೇಡು ಮತ್ತು ಮಾಹಿತಿಯ ನಷ್ಟ ಇವೆರಡರ ನಡುವೆ ಗೆರೆ ಎಳೆಯುವ ಸಾಧನ ಯಂತ್ರದೊಳಗೆ ಇರಲಿಲ್ಲ.

ಆ ಗೆರೆಯನ್ನು ಮೊದಲು ಎಳೆದದ್ದು ಗಣಿತವಲ್ಲ, ಒಂದು ಹಿಡಿಕೆ. ೧೯೬೨ರಲ್ಲಿ ಬಂದ ೧೩೧೧ ಎಂಬ ಯಂತ್ರದಲ್ಲಿ ತಟ್ಟೆಗಳ ಕಟ್ಟನ್ನು ಹಿಡಿಕೆಯಿಂದ ಎತ್ತಿ ಹೊರತೆಗೆಯಬಹುದಾಗಿತ್ತು. ೧೯೬೫ರ ೨೩೧೪ ಎಂಬ ಯಂತ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು; ನಮ್ಮ ವಿಷಯಕ್ಕೆ ಇದು ಬಹಳ ಮುಖ್ಯವಾದದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇವೆ. ಅದರಲ್ಲಿದ್ದುದು ಒಂಬತ್ತು ಗೂಡುಗಳು. ಒಂದೊಂದು ಕಟ್ಟಿನ ಸಾಮರ್ಥ್ಯ ಸುಮಾರು ೨ ಕೋಟಿ ೯೨ ಲಕ್ಷ ಬೈಟು. ಆದರೆ ಇಡೀ ಯಂತ್ರದ ಸಾಮರ್ಥ್ಯವೆಂದು ಹೇಳುತ್ತಿದ್ದುದು ೨೩ ಕೋಟಿ ೩೦ ಲಕ್ಷ ಬೈಟು. ಗುಣಿಸಿ ನೋಡಿದರೆ ಇದು ಒಂಬತ್ತರ ಲೆಕ್ಕವಲ್ಲ, ಎಂಟರದು. ಒಂಬತ್ತನೆಯ ಗೂಡು ಲೆಕ್ಕಕ್ಕೆ ಸೇರದ ಗೂಡು. ಎಂಟರಲ್ಲಿ ಒಂದು ಕೆಟ್ಟರೆ ಅದರಲ್ಲಿದ್ದ ಕಟ್ಟನ್ನು ಒಂಬತ್ತನೆಯದಕ್ಕೆ ಎತ್ತಿಟ್ಟು, ಗೂಡಿನ ವಿಳಾಸವನ್ನು ಸೂಚಿಸುವ ಬಿರಡೆಯನ್ನೂ ಅಲ್ಲಿಗೆ ಬದಲಾಯಿಸಿದರೆ ಆಯಿತು. ಗಣಕಕ್ಕೆ ವ್ಯತ್ಯಾಸವೇ ತಿಳಿಯದು. ಹಣ ಕೊಟ್ಟು ಕೊಂಡ ವಸ್ತುವಿನ ಒಂದಂಶವನ್ನು ಬಳಕೆಗಲ್ಲದೆ ಆಪತ್ತಿಗೆಂದು ಮೀಸಲಿಟ್ಟು, ಅದನ್ನು ಸಾಮರ್ಥ್ಯದ ಲೆಕ್ಕದಿಂದ ಹೊರಗಿಡುವ ಪದ್ಧತಿಗೆ ಇದು ಸ್ಪಷ್ಟವಾದ ಉದಾಹರಣೆ. ಕೆಟ್ಟದ್ದು ಗೂಡು, ಉಳಿದದ್ದು ಮಾಹಿತಿ.

ಆದರೆ ಈ ಏರ್ಪಾಡಿನಲ್ಲಿ ಒಂದು ಅಪಾಯವಿತ್ತು. ಓದುವ ತಲೆ ತಟ್ಟೆಗೆ ಬಡಿದು ಕೇಡು ಸಂಭವಿಸಿದ್ದರೆ ಗಾಯವಾಗಿರುತ್ತಿದ್ದುದು ಕಟ್ಟಿಗೆ. ಅದನ್ನು ತಿಳಿಯದೆ ಕೆಲಸಗಾರನು ಕಟ್ಟನ್ನು ಒಳ್ಳೆಯ ಗೂಡಿಗೆ ಹಾಕಿದರೆ ಆ ಗೂಡಿನ ತಲೆಯೂ ಕೆಡುವುದು. ಗೂಡಿನದೇ ತಪ್ಪಿರಬೇಕೆಂದು ಭಾವಿಸಿ ಇನ್ನೊಂದು ಕಟ್ಟನ್ನು ಅಲ್ಲಿ ಇಟ್ಟು ನೋಡಿದರೆ ಅದೂ ಹಾಳಾಗುವುದು. ಸೋಂಕು ಮನೆಯಿಂದ ಮನೆಗೆ ಹರಡುವಂತೆ ಕೇಡು ಗೂಡಿನಿಂದ ಗೂಡಿಗೆ ಹರಡುತ್ತಿತ್ತು. ಇದಕ್ಕೆ ಮತ್ತು ಧೂಳಿನ ಕಾಟಕ್ಕೆ ಪರಿಹಾರವಾಗಿ ೧೯೭೩ರ ೩೩೪೦ ಯಂತ್ರದಲ್ಲಿ ತಟ್ಟೆಗಳನ್ನೂ ತಲೆಗಳನ್ನೂ ಒಂದೇ ಮುಚ್ಚಿದ ಪೆಟ್ಟಿಗೆಯಲ್ಲಿ ಇಟ್ಟರು. 'ವಿಂಚೆಸ್ಟರ್' ಎಂಬ ಹೆಸರು ಪ್ರಸಿದ್ಧವಾದದ್ದು ಇದರಿಂದಲೇ. ಎರಡು ವರ್ಷಗಳ ಅನಂತರ ಬಂದ ೩೩೫೦ರಲ್ಲಿ ಆ ಪೆಟ್ಟಿಗೆಯನ್ನು ಯಂತ್ರದೊಳಗೇ ಸ್ಥಿರಪಡಿಸಿದರು. ಡಿಸ್ಕುಗಳ ಬಾಳಿಕೆ ಹೆಚ್ಚಿತೆಂಬುದು ನಿಜ. ಆದರೆ ೧೯೬೫ರಲ್ಲಿ ಬೇರ್ಪಟ್ಟಿದ್ದ ಯಂತ್ರ ಮತ್ತು ಮಾಹಿತಿ ಮತ್ತೆ ಒಂದಾದುವು. ಪೆಟ್ಟಿಗೆ ಕೆಟ್ಟರೆ ಒಳಗಿದ್ದುದೂ ಹೋಯಿತು. ತಂತ್ರಜ್ಞಾನದ ಇತಿಹಾಸವನ್ನು ನೇರವಾದ ಏಣಿಯಂತೆ ವರ್ಣಿಸುವವರು ಈ ಹಿಂಜರಿತವನ್ನು ಮರೆಯುತ್ತಾರೆ.

ಎರಡನೆಯ ಬಾರಿ ಗೆರೆ ಎಳೆದದ್ದು ಗಣಿತ. ೧೯೫೦ರಷ್ಟು ಹಿಂದೆಯೇ ಬೆಲ್ ಪ್ರಯೋಗಾಲಯದ ರಿಚರ್ಡ್ ಹ್ಯಾಮಿಂಗ್ ಅವರು, ಕೆಲವು ಹೆಚ್ಚುವರಿ ಅಂಕೆಗಳನ್ನು ಜೊತೆಗಿಟ್ಟರೆ ಯಂತ್ರವು ತನ್ನ ತಪ್ಪನ್ನು ತಾನೇ ಹುಡುಕಿ ತಿದ್ದಿಕೊಳ್ಳಬಹುದೆಂದು ತೋರಿಸಿದ್ದರು. ಆದರೆ ಅವರ ಸಮಸ್ಯೆ ಕಷ್ಟದ್ದು: ತಪ್ಪು ಎಲ್ಲಿದೆಯೆಂಬುದೇ ತಿಳಿಯದು. ಕೆಟ್ಟ ಡಿಸ್ಕಾದರೋ ಸಾಮಾನ್ಯವಾಗಿ ತಾನು ಕೆಟ್ಟೆನೆಂದು ತಾನೇ ಸಾರುತ್ತದೆ. ಎಲ್ಲಿ ಎಂಬುದು ಗೊತ್ತಿರುವಾಗ ಏನು ಎಂಬುದನ್ನು ಕಂಡುಹಿಡಿಯಲು ಒಂದು ಮೊತ್ತ ಸಾಕು. ಮೂರು ಡಿಸ್ಕುಗಳಲ್ಲಿ ೭, ೪, ೯ ಎಂಬ ಸಂಖ್ಯೆಗಳಿದ್ದು ನಾಲ್ಕನೆಯದರಲ್ಲಿ ಅವುಗಳ ಮೊತ್ತವಾದ ೨೦ ಇದೆಯೆಂದು ಇಟ್ಟುಕೊಳ್ಳೋಣ. ಎರಡನೆಯ ಡಿಸ್ಕು ಹೋದರೆ ೨೦ರಿಂದ ೭ನ್ನೂ ೯ನ್ನೂ ಕಳೆದು ೪ನ್ನು ಮರಳಿ ಪಡೆಯಬಹುದು. ಎರಡು ಡಿಸ್ಕುಗಳು ಒಟ್ಟಿಗೆ ಹೋದರೆ ಏನೂ ಮಾಡಲಾಗದು. ಯಂತ್ರವು ಕೂಡುವುದು ದ್ವಿಮಾನ ಅಂಕೆಗಳನ್ನು, ಕೈಯಲ್ಲಿ ಬಂದುದನ್ನು ಬಿಟ್ಟು. ತತ್ತ್ವ ಮಾತ್ರ ಇದೇ. ಈ ಮೊತ್ತಕ್ಕೆ ಪ್ಯಾರಿಟಿ ಎಂದು ಹೆಸರು. ಐ.ಬಿ.ಎಂ.ನ ನಾರ್ಮನ್ ಊಚಿ ಅವರು ಕೆಟ್ಟ ಘಟಕದ ಮಾಹಿತಿಯನ್ನು ಉಳಿದ ಘಟಕಗಳಿಂದ ಮರಳಿ ಪಡೆಯುವ ವಿಧಾನಕ್ಕೆ ೧೯೭೭ರಲ್ಲಿ ಅರ್ಜಿ ಸಲ್ಲಿಸಿ ೧೯೭೮ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ೧೯೭೬ರಿಂದ ಮಾರಾಟಕ್ಕೆ ಬಂದ ಟ್ಯಾಂಡೆಮ್ ಸಂಸ್ಥೆಯ ಯಂತ್ರಗಳಲ್ಲಿ ಪ್ರತಿಯೊಂದನ್ನೂ ಎರಡು ಡಿಸ್ಕುಗಳಲ್ಲಿ ಬರೆದಿಡುವ, ಇನ್ನೂ ಸರಳವೂ ದುಬಾರಿಯೂ ಆದ ಪದ್ಧತಿ ಬಳಕೆಯಲ್ಲಿತ್ತು. ಎಲ್ಲವೂ ೧೯೮೮ರಲ್ಲಿ ಹುಟ್ಟಿತೆಂಬ ರೂಢಿಯ ಮಾತನ್ನು ಆದಕಾರಣ ನಾವು ಒಪ್ಪಲಾರೆವು.

೧೯೮೮ರಲ್ಲಿ ಆದದ್ದೇನೆಂದರೆ, ಕೇಡನ್ನು ಮೊದಲೇ ಲೆಕ್ಕಕ್ಕೆ ಹಿಡಿದು ಸಂಗ್ರಹವನ್ನು ಕಟ್ಟುವ ವಾದಕ್ಕೆ ಅಂಕಿಗಳ ಬಲ ಬಂದಿತು. ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ್‍ಯಾಂಡಿ ಕಾಟ್ಜ್ ಎಂಬ ಮೂವರು ವಿದ್ವಾಂಸರು ಆ ವರ್ಷ ಪ್ರಕಟಿಸಿದ ಪ್ರಬಂಧದಲ್ಲಿ, ೭೫೦೦ ಮೆಗಾಬೈಟಿನ ಒಂದು ದೊಡ್ಡ ಡಿಸ್ಕುಯಂತ್ರದ ಬದಲು ೧೦೦ ಮೆಗಾಬೈಟಿನ ಅಗ್ಗದ ಡಿಸ್ಕುಗಳ ಸಾಲನ್ನು ಬಳಸಬಾರದೇಕೆ ಎಂದು ಕೇಳಿದರು. ಉತ್ತರವೂ ಅವರದೇ. ಒಂದು ಡಿಸ್ಕು ಸರಾಸರಿ ೩೦,೦೦೦ ಗಂಟೆಗೊಮ್ಮೆ ಕೆಡುವುದಾದರೆ ೧೦೦ ಡಿಸ್ಕುಗಳ ಸಾಲಿನಲ್ಲಿ ೩೦೦ ಗಂಟೆಗೊಮ್ಮೆ, ಎಂದರೆ ಎರಡು ವಾರಕ್ಕೂ ಮೊದಲೇ, ಯಾವುದಾದರೊಂದು ಕೆಡುತ್ತದೆ. ಕೇಡು ಇಲ್ಲಿ ಅಪಘಾತವಲ್ಲ, ನಿತ್ಯದ ಖರ್ಚು. ಹತ್ತು ಡಿಸ್ಕುಗಳಿಗೆ ಒಂದರಂತೆ ಪ್ಯಾರಿಟಿಯನ್ನು ಸೇರಿಸಿದರೆ, ಮಾಹಿತಿ ನಷ್ಟವಾಗುವ ಸರಾಸರಿ ಅವಧಿ ೮,೨೦,೦೦೦ ಗಂಟೆಗೆ, ಎಂದರೆ ೯೦ ವರ್ಷಗಳಿಗೂ ಮೇಲಕ್ಕೆ, ಏರುವುದೆಂದು ಅವರು ಲೆಕ್ಕ ಕಟ್ಟಿದರು. ಈ ಪದ್ಧತಿಗೆ ಅವರು ಕೊಟ್ಟ ರೇಡ್ ಎಂಬ ಹೆಸರಿನಲ್ಲಿ 'ಅಗ್ಗದ' ಎಂಬ ಅರ್ಥದ ಪದವೊಂದಿತ್ತು. ಮುಂದೆ ಅದರ ಸ್ಥಾನಕ್ಕೆ 'ಸ್ವತಂತ್ರ' ಎಂಬ ಅರ್ಥದ ಪದ ಬಂದಿತು. ಲಕ್ಷಗಟ್ಟಲೆ ಬೆಲೆಯ ಯಂತ್ರವನ್ನು ಮಾರುವವರಿಗೆ ಮೊದಲಿನ ಪದ ರುಚಿಸದಿದ್ದರೆ ಆಶ್ಚರ್ಯವಿಲ್ಲ.

ಈಗ ನಮ್ಮ ಅಂಕಣಕ್ಕೆ ಬರೋಣ. ಡಿಸ್ಕು ಸತ್ತರೂ ಮಾಹಿತಿ ಬದುಕಿರುತ್ತದೆ ಎಂದಾದ ಮೇಲೆಯೇ 'ವಿಫಲ' ಎಂಬುದನ್ನು ಲೆಕ್ಕದ ಒಂದು ಬಾಬಾಗಿ ಬರೆಯುವುದು ಸಾಧ್ಯವಾಯಿತು. ಅದಕ್ಕೆ ಮೊದಲು ಅದು ಬಾಬಲ್ಲ, ದಿವಾಳಿ. ಉದಾಹರಣೆಗೆ ೧೯೯೯ರಲ್ಲಿ ಸ್ಥಾಪಿತವಾಗಿ ೨೦೧೦ರಲ್ಲಿ ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಗೆ ಸೇರಿದ ತ್ರೀಪಾರ್ ಯಂತ್ರಗಳನ್ನು ನೋಡಬಹುದು. ಅವುಗಳ ವರದಿಯಲ್ಲಿ ಒಟ್ಟು, ಹಂಚಿಕೆ, ಖಾಲಿ, ವಿಫಲ ಎಂಬ ನಾಲ್ಕೂ ಸಾಮರ್ಥ್ಯಗಳು ಪಕ್ಕಪಕ್ಕದಲ್ಲಿ ನಿಲ್ಲುತ್ತವೆ. ಅಲ್ಲಿ ಪ್ರತಿಯೊಂದು ಡಿಸ್ಕನ್ನೂ 'ಚಂಕ್ಲೆಟ್' ಎಂಬ ಸಮಾನವಾದ ತುಂಡುಗಳಾಗಿ, ಮೊದಲ ಮಾದರಿಗಳಲ್ಲಿ ೨೫೬ ಮೆಗಾಬೈಟಿನಂತೆ, ವಿಭಾಗಿಸಿರುತ್ತಾರೆ. ಆದ್ದರಿಂದ ಡಿಸ್ಕು ಪೂರ್ತಿ ಸಾಯದೆ ಅದರ ಕೆಲವು ತುಂಡುಗಳು ಮಾತ್ರ ವಿಫಲವಾಗಿರುವುದೂ ಉಂಟು. ರಾಮಾಕ್ ಕಾಲದಲ್ಲಿ ಇಡೀ ಯಂತ್ರವೇ ಕೇಡಿನ ಮಾನವಾಗಿತ್ತು. ಇಲ್ಲಿ ಆ ಮಾನ ತುಂಡಿಗೆ ಇಳಿದಿದೆ.

ಇಂತಹ ಯಂತ್ರದಲ್ಲಿ ಡಿಸ್ಕೊಂದು ಕೆಟ್ಟಾಗ ನಡೆಯುವುದೇನು? ಅದರ ಸಾಮರ್ಥ್ಯವನ್ನು ವಿಫಲದ ಅಂಕಣಕ್ಕೆ ಬರೆಯಲಾಗುತ್ತದೆ. ಉಳಿದ ಡಿಸ್ಕುಗಳಿಂದ ಲೆಕ್ಕ ಕಟ್ಟಿ ಕಳೆದುಹೋದ ಭಾಗವನ್ನು ಮೀಸಲು ಸ್ಥಳದಲ್ಲಿ ಮತ್ತೆ ಬರೆಯುವ ಪುನರ್ನಿರ್ಮಾಣ ಪ್ರಾರಂಭವಾಗುತ್ತದೆ. ಅದು ಮುಗಿದ ಕೂಡಲೆ ಮಾಹಿತಿ ಹಿಂದಿನಷ್ಟೇ ಭದ್ರ. ಆದರೆ ಕೆಟ್ಟ ಡಿಸ್ಕನ್ನು ಹೊರಕ್ಕೆ ತೆಗೆಯುವವರೆಗೂ ಅಂಕಣದಲ್ಲಿ ಅಂಕಿ ಇದ್ದೇ ಇರುತ್ತದೆ. ಕೇಡು ಸಂಭವಿಸಿದ ಮೊದಲ ನಿಮಿಷದಲ್ಲಿ, ಎಂದರೆ ಅತ್ಯಂತ ಅಪಾಯದ ಗಳಿಗೆಯಲ್ಲಿ, ಅಲ್ಲಿ ೪ ಟೆರಾಬೈಟ್ ಎಂದಿರುತ್ತದೆ. ಎಲ್ಲವೂ ಸರಿಹೋಗಿ ವಾರ ಕಳೆದ ಮೇಲೂ ಅದೇ ೪ ಟೆರಾಬೈಟ್. ಅಪಾಯ ಬದಲಾದರೂ ಅಂಕಿ ಬದಲಾಗುವುದಿಲ್ಲ. ಆದ್ದರಿಂದ ಈ ಅಂಕಿ ನಷ್ಟವಾದ ಮಾಹಿತಿಯ ಅಳತೆಯಲ್ಲ. ಬಳಕೆದಾರನಿಗೆ ಕಡಮೆಯಾದ ಸ್ಥಳದ ಅಳತೆಯೂ ಅಲ್ಲ. ಏಕೆಂದರೆ ಇದು ಡಿಸ್ಕಿನ ಒರಟು ಸಾಮರ್ಥ್ಯ. ಜೋಡಿಪ್ರತಿಯ ಪದ್ಧತಿಯಲ್ಲಿ ಅದರ ಅರ್ಧ ಮಾತ್ರ ಬಳಕೆಯದು, ಎಂಟಕ್ಕೆ ಎರಡು ಪ್ಯಾರಿಟಿ ಇರುವ ಗುಂಪಿನಲ್ಲಿ ಹತ್ತರಲ್ಲಿ ಎಂಟು ಪಾಲು. (ತಯಾರಕರು ಟೆರಾಬೈಟನ್ನು ಹತ್ತರ ಘಾತದಿಂದಲೂ ಹಲವು ಯಂತ್ರಗಳು ಎರಡರ ಘಾತದಿಂದಲೂ ಎಣಿಸುವುದರಿಂದ ೧೦ ಟೆರಾಬೈಟಿನ ಡಿಸ್ಕು ಸತ್ತಾಗ ವರದಿಯಲ್ಲಿ ೯.೦೯ ಎಂದು ಕಾಣುವುದೂ ಉಂಟು, ಇದರಿಂದ ಗಾಬರಿಯಾಗಬೇಕಿಲ್ಲ.) ಈ ಅಂಕಿ ತಿಳಿಸುವುದು ಮೀಸಲಿನ ಮೇಲೆ ಬಿದ್ದಿರುವ ಸಾಲವನ್ನು. ೨೩೧೪ರ ಒಂಬತ್ತನೆಯ ಗೂಡನ್ನು ಬಳಸಿಕೊಂಡಾಯಿತು, ಇನ್ನೊಂದು ಕೆಟ್ಟರೆ ಇಡಲು ಗೂಡಿಲ್ಲ ಎಂಬುದೇ ಅದರ ತಾತ್ಪರ್ಯ.

ಪುನರ್ನಿರ್ಮಾಣಕ್ಕೆ ಹಿಡಿಯುವ ಕಾಲ ಇಲ್ಲಿ ನಿರ್ಣಾಯಕವಾದದ್ದು. ಬರ್ಕ್ಲಿಯ ವಿದ್ವಾಂಸರ ೮,೨೦,೦೦೦ ಗಂಟೆಗಳು ಒಂದು ಊಹೆಯ ಮೇಲೆ ನಿಂತಿದ್ದುವು: ಕೆಟ್ಟ ಡಿಸ್ಕು ಒಂದು ಗಂಟೆಯೊಳಗೆ ಸರಿಹೋಗುವುದೆಂದು. ಆಗ ಅದು ಅಸಂಗತವಲ್ಲ. ೧೦೦ ಮೆಗಾಬೈಟಿನ ಡಿಸ್ಕನ್ನು ಸೆಕೆಂಡಿಗೆ ಒಂದು ಮೆಗಾಬೈಟಿನಂತೆ ಓದಿದರೆ ಎರಡು ನಿಮಿಷದೊಳಗೆ ಮುಗಿಯುತ್ತಿತ್ತು. ೧೦ ಟೆರಾಬೈಟಿನ ಡಿಸ್ಕನ್ನು ಸೆಕೆಂಡಿಗೆ ೧೫೦ ಮೆಗಾಬೈಟಿನಂತೆ ಒಮ್ಮೆಯೂ ನಿಲ್ಲಿಸದೆ ಬರೆದರೂ ಹದಿನೆಂಟು ಗಂಟೆ ಮೀರುತ್ತದೆ. ಬಳಕೆದಾರರ ಕೆಲಸವೂ ಜೊತೆಗೆ ನಡೆಯುತ್ತಿದ್ದರೆ ದಿನಗಳೇ ಹಿಡಿಯಬಹುದು. ಡಿಸ್ಕಿನ ಹೊಟ್ಟೆ ಲಕ್ಷ ಪಟ್ಟು ಬೆಳೆಯಿತು, ಬಾಯಿ ನೂರೈವತ್ತು ಪಟ್ಟು ಮಾತ್ರ. ಅವರ ಸೂತ್ರದಲ್ಲಿ ಬೇರೇನನ್ನೂ ಬದಲಿಸದೆ ಒಂದು ಗಂಟೆಯ ಸ್ಥಾನದಲ್ಲಿ ಹದಿನೆಂಟನ್ನು ಇಟ್ಟರೆ ೯೦ ವರ್ಷ ಸುಮಾರು ೫ ವರ್ಷಕ್ಕೆ ಇಳಿಯುತ್ತದೆ. ಎರಡು ಡಿಸ್ಕುಗಳ ಕೇಡನ್ನು ತಡೆದುಕೊಳ್ಳುವ ಜೋಡಿಪ್ಯಾರಿಟಿಯ ಪದ್ಧತಿಗಳು, ೧೯೯೫ರ 'ಈವನ್-ಆಡ್', ೨೦೦೪ರಲ್ಲಿ ನೆಟ್‌ಆಪ್ ಸಂಸ್ಥೆಯವರು ಪ್ರಕಟಿಸಿದ ಕರ್ಣಪ್ಯಾರಿಟಿ ಮೊದಲಾದುವು, ಈ ಒತ್ತಡಕ್ಕೆ ಉತ್ತರವಾಗಿ ಬಳಕೆಗೆ ಬಂದುವು.

ಅಂಕಣದಲ್ಲಿ ಸೊನ್ನೆ ಇದ್ದರೆ ನಿಶ್ಚಿಂತೆಯೆ? ಅದೂ ಇಲ್ಲ. ೨೦೦೭ರಲ್ಲಿ ಈ ವಿಷಯವಾಗಿ ಮೂರು ಮುಖ್ಯ ಪ್ರಬಂಧಗಳು ಪ್ರಕಟವಾದುವು. ಬಿಯಾಂಕಾ ಶ್ರೋಡರ್ ಮತ್ತು ಹಿಂದೆ ಹೇಳಿದ ಗಿಬ್ಸನ್ ಅವರು ಸುಮಾರು ಒಂದು ಲಕ್ಷ ಡಿಸ್ಕುಗಳ ದಾಖಲೆಯನ್ನು ಪರಿಶೀಲಿಸಿದರು. ತಯಾರಕರ ಹೇಳಿಕೆಯಂತೆ ವರ್ಷಕ್ಕೆ ಶೇಕಡ ೦.೮೮ಕ್ಕಿಂತ ಹೆಚ್ಚು ಡಿಸ್ಕುಗಳು ಕೆಡಬಾರದು. ವಾಸ್ತವವಾಗಿ ಬದಲಾಯಿಸಬೇಕಾಗಿ ಬಂದುದು ಸಾಮಾನ್ಯವಾಗಿ ಶೇಕಡ ೨ರಿಂದ ೪, ಕೆಲವೆಡೆ ೧೩ರವರೆಗೆ. ಒಂದರ ಕೇಡಿಗೂ ಇನ್ನೊಂದರ ಕೇಡಿಗೂ ಸಂಬಂಧವಿಲ್ಲವೆಂಬ ಹಳೆಯ ಊಹೆಯೂ ಅಲ್ಲಿ ಶಿಥಿಲವಾಯಿತು. ಗೂಗಲ್ ಸಂಸ್ಥೆಯ ಪಿನ್ಹೇರೊ, ವೇಬರ್, ಬರೋಸೊ ಅವರು ಕಂಡಂತೆ, ಸತ್ತ ಡಿಸ್ಕುಗಳಲ್ಲಿ ಶೇಕಡ ೫೬ರಷ್ಟು ನಾಲ್ಕು ಪ್ರಬಲ ಮುನ್ಸೂಚನೆಗಳಲ್ಲಿ ಒಂದನ್ನೂ ತೋರಿರಲಿಲ್ಲ. ಲಕ್ಷ್ಮಿ ಬೈರವಸುಂದರಂ ಮತ್ತು ಸಂಗಡಿಗರು ೧೫ ಲಕ್ಷ ೩೦ ಸಾವಿರ ಡಿಸ್ಕುಗಳನ್ನು ೩೨ ತಿಂಗಳ ಕಾಲ ಗಮನಿಸಿ, ಶೇಕಡ ೩.೪೫ರಷ್ಟರಲ್ಲಿ ಅಡಗಿದ ಕೇಡು ಇದ್ದುದನ್ನು ಕಂಡರು. ಬರೆದದ್ದನ್ನು ಓದಲು ಹೋದಾಗಲೇ ಬಯಲಾಗುವ ಕೇಡಿದು. ಯಾರೂ ಓದದ ಮೂಲೆಯಲ್ಲಿ ಎಷ್ಟು ಕಾಲವಾದರೂ ಕುಳಿತಿದ್ದೀತು. ಪುನರ್ನಿರ್ಮಾಣಕ್ಕೆ ಉಳಿದ ಡಿಸ್ಕುಗಳನ್ನೆಲ್ಲ ಓದಬೇಕಾದ ಗಳಿಗೆಯಲ್ಲಿಯೇ ಅದು ಎದುರಾದರೆ ಆ ಭಾಗದ ಲೆಕ್ಕ ಕೂಡುವುದಿಲ್ಲ. ವಿಫಲದ ಅಂಕಣ ಯಂತ್ರಕ್ಕೆ ಗೊತ್ತಾದ ಕೇಡನ್ನು ಮಾತ್ರ ಬಲ್ಲದು.

ಈ ಎರಡು ತಪ್ಪುಗಳೂ ಒಂದೇ ಕಡತದಲ್ಲಿ ಕೂಡಿಬಂದ ಪ್ರಸಂಗವೊಂದನ್ನು ನಾವು ಹತ್ತಿರದಿಂದ ಕಂಡಿದ್ದೇವೆ. ಸಂಸ್ಥೆಯ ಹೆಸರು ಇಲ್ಲಿ ಅನಾವಶ್ಯಕ. ಶಾಸನಗಳ ಛಾಯಾಚಿತ್ರಗಳನ್ನು ಇರಿಸಿದ್ದ ಅಲ್ಲಿನ ಯಂತ್ರದಲ್ಲಿ ೪ ಟೆರಾಬೈಟಿನ ಹನ್ನೆರಡು ಡಿಸ್ಕುಗಳು, ಒಂದು ಪ್ಯಾರಿಟಿಯ ಗುಂಪು. ಮೀಸಲಾಗಿದ್ದ ಡಿಸ್ಕನ್ನೂ ಸ್ಥಳ ಸಾಲದೆಂದು ಬಳಕೆಗೆ ಸೇರಿಸಿಬಿಟ್ಟಿದ್ದರು. ಒಂದು ಡಿಸ್ಕು ಕೆಟ್ಟು ವರದಿಯಲ್ಲಿ '೪ ಟೆರಾಬೈಟ್ ವಿಫಲ' ಎಂದು ಕಂಡಾಗ, ನಷ್ಟವಾದ ಚಿತ್ರಗಳ ಪಟ್ಟಿಯನ್ನು ಕೂಡಲೆ ಸಲ್ಲಿಸಬೇಕೆಂದು ಮೇಲಿನಿಂದ ಆಜ್ಞೆಯಾಯಿತು. ನೌಕರರು ಹತ್ತು ದಿನ ಹುಡುಕಿ, ಒಂದು ಚಿತ್ರವೂ ನಷ್ಟವಾಗಿಲ್ಲವೆಂದು ಟಿಪ್ಪಣಿ ಬರೆದರು. ಆ ಟಿಪ್ಪಣಿ ಅಕ್ಷರಶಃ ಸತ್ಯ. ನಷ್ಟವಿಲ್ಲವೆಂದ ಮೇಲೆ ಖರೀದಿಗೆ ಆತುರವೇನೆಂದು ಹೊಸ ಡಿಸ್ಕಿನ ಕೋರಿಕೆ ಮುಂದಿನ ತ್ರೈಮಾಸಿಕಕ್ಕೆ ಹೋಯಿತು. ಏಳನೆಯ ವಾರದಲ್ಲಿ ಎರಡನೆಯ ಡಿಸ್ಕು ಕೆಟ್ಟಿತು. ಅಂಕಣದಲ್ಲಿ ಈಗ ೮ ಟೆರಾಬೈಟ್. ಹೋದದ್ದು ಮಾತ್ರ ಹನ್ನೆರಡು ಡಿಸ್ಕುಗಳಲ್ಲಿ ಹರಡಿಕೊಂಡಿದ್ದ ಗುಂಪೆಲ್ಲ. ಬಹುಭಾಗಕ್ಕೆ ಬೇರೊಂದು ಕಡೆ ಪ್ರತಿಯಿತ್ತು. ಕೊನೆಯ ಐದು ತಿಂಗಳ ಕ್ಷೇತ್ರಕಾರ್ಯಕ್ಕೆ ಇರಲಿಲ್ಲ. ಆ ಊರುಗಳಿಗೆ ಮತ್ತೆ ಹೋದಾಗ ರಸ್ತೆ ಅಗಲಿಸುವ ಕೆಲಸ ನಡೆದಿತ್ತು. ಎರಡು ಶಾಸನಶಿಲೆಗಳು ಇದ್ದೆಡೆಯಲ್ಲಿ ಇರಲಿಲ್ಲ.

ಪುನರ್ನಿರ್ಮಾಣದ ಅವಧಿಯನ್ನೇ ಕುಗ್ಗಿಸುವ ಮಾರ್ಗವನ್ನು ಈ ಶಾಸ್ತ್ರದವರು ೧೯೯೦ರಿಂದಲೂ ಶೋಧಿಸಿದ್ದಾರೆ. ಆ ವರ್ಷ ಮಂಟ್ಜ್ ಮತ್ತು ಲ್ಯೂಯಿ, ೧೯೯೨ರಲ್ಲಿ ಹಾಲೆಂಡ್ ಮತ್ತು ಗಿಬ್ಸನ್ ಅವರು, ಪ್ಯಾರಿಟಿಯ ಗುಂಪುಗಳನ್ನು ಹೆಚ್ಚು ಡಿಸ್ಕುಗಳಲ್ಲಿ ಚದುರಿಸಿಟ್ಟರೆ ಕೆಟ್ಟದ್ದನ್ನು ಕಟ್ಟುವ ಭಾರ ಎಲ್ಲವುಗಳ ಮೇಲೂ ಹಂಚಿಹೋಗುವುದೆಂದು ವಿವರಿಸಿದರು. ಮೀಸಲು ಸ್ಥಳವನ್ನೂ ಹಾಗೆಯೇ ಚದುರಿಸಿಡುವ ಏರ್ಪಾಡು ಅನೇಕ ಯಂತ್ರಗಳಲ್ಲಿ ಬಂದಿದೆ. ಎಲ್ಲರಿಗೂ ಮುಕ್ತವಾಗಿ ದೊರೆಯುವ ಓಪನ್ ಜ಼ೆಡ್.ಎಫ್.ಎಸ್.ನಲ್ಲಿ ೨೦೨೧ರಲ್ಲಿ 'ಡಿ-ರೇಡ್' ಎಂಬ ಹೆಸರಿನಿಂದ ಸೇರಿತು. ಅಲ್ಲಿ ಸುಮ್ಮನೆ ಕುಳಿತ ಒಂಬತ್ತನೆಯ ಗೂಡೆಂಬುದಿಲ್ಲ. ಮೀಸಲಿನ ಒಂದೊಂದು ಚೂರು ಪ್ರತಿ ಡಿಸ್ಕಿನಲ್ಲಿಯೂ ಇರುತ್ತದೆ. ಬರೆಯುವ ಬಾಯಿಗಳು ಅನೇಕವಾದ್ದರಿಂದ ಕೆಲಸ ಬೇಗ ಮುಗಿಯುತ್ತದೆ. ಆದರೆ ಅಪಾಯದ ಅವಧಿ ಕಿರಿದಾಯಿತೆಂದು ವಿಫಲದ ಅಂಕಿಗೆ ಹೊಸ ಅರ್ಥವೇನೂ ಬರುವುದಿಲ್ಲ. ಪುನರ್ನಿರ್ಮಾಣ ಮುಗಿದಿದೆಯೆ, ಮೀಸಲು ಎಷ್ಟು ಉಳಿದಿದೆ ಎಂಬ ಎರಡು ಪ್ರಶ್ನೆಗಳನ್ನು ಅದರ ಜೊತೆಗೆ ಕೇಳಲೇಬೇಕು. ಉತ್ತರಗಳು ವರದಿಯ ಬೇರೆ ಪುಟಗಳಲ್ಲಿರುತ್ತವೆ. ಆಕರಗಳ ಉಸ್ತುವಾರಿ ಹೊತ್ತ ನಮ್ಮ ಗ್ರಂಥಾಲಯಗಳು ದಿನದ ವಹಿಯಲ್ಲಿ ಈ ಮೂರನ್ನೂ ಒಂದೇ ಸಾಲಿನಲ್ಲಿ ಬರೆದಿಡುವುದು ಯುಕ್ತವೆಂದು ನಮಗೆ ತೋರುತ್ತದೆ. ಡಿಸ್ಕಿನ ಹೊರಗೆ, ಟೇಪಿನಲ್ಲಿಯೋ ಬೇರೊಂದು ಊರಿನಲ್ಲಿಯೋ, ಇರಿಸಬೇಕಾದ ಪ್ರತಿಯ ವಿಚಾರ ಇದರಷ್ಟೇ ದೊಡ್ಡದು. ಅದನ್ನು ಮತ್ತೊಂದು ಸಂಚಿಕೆಯಲ್ಲಿ ಪರಿಶೀಲಿಸುತ್ತೇವೆ.